ಪದ್ಮಿನಿಯ ಡಿಕ್ಕಿಯನ್ನು ಮೈಲುತುತ್ತ ತಿಂದಿದೆ, ಹೊಸ ತಗಡು ಕೂರಿಸುವ ಮೊದಲು ಎಂತ ಮಾಡಬೇಕು?

ಪೆರ್ಲದ ತೋಟದವ, ಫೆಬ್ರವರಿ 9

ನಮಸ್ಕಾರ. ನಮ್ಮದು ಪೆರ್ಲದಿಂದ ಸ್ವಲ್ಪ ಒಳಗೆ, ಗುಡ್ಡದ ಬುಡದಲ್ಲಿ ಅಡಿಕೆ ತೋಟದ ಮನೆ. ಕಾರು 1981ರ ಪ್ರೀಮಿಯರ್ ಪದ್ಮಿನಿ. ಅಪ್ಪ 1987ರಲ್ಲಿ ಕಾಸರಗೋಡಿನ ಒಬ್ಬ ಡಾಕ್ಟರರಿಂದ ತೆಗೆದುಕೊಂಡದ್ದು. ಆರ್‌ಸಿಯಲ್ಲಿ ಬಣ್ಣ ಕ್ರೀಮ್ ಅಂತ ಉಂಟು. ಈಗ ಅದು ಯಾವ ಬಣ್ಣ ಅಂತ ಕೇಳಿದರೆ ಮನೆಯ ಐದು ಜನ ಐದು ಉತ್ತರ ಹೇಳ್ತೇವೆ. ಒಂಬತ್ತು ವರ್ಷದಿಂದ ಹಟ್ಟಿಯ ಪಕ್ಕದ ಮಾಡಿನ ಅಡಿಯಲ್ಲಿ ನಿಂತಿದೆ. ಎಂಜಿನ್ನಿನ ಚಿಂತೆ ನನಗಿಲ್ಲ, 1089 ಸಿಸಿಯ ಆ ಎಂಜಿನ್ನನ್ನು ಬಿಚ್ಚಿ ಜೋಡಿಸಿದ ಕೈಗಳು ಬದಿಯಡ್ಕ ಕಡೆ ಈಗಲೂ ಉಂಟು. ತಲೆಬಿಸಿ ಇರುವುದು ಬಾಡಿಯದ್ದು.

2023ರ ಅಕ್ಟೋಬರ್ 30ಕ್ಕೆ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿ ಮುಗಿಯಿತು ಅಂತ ಪೇಪರಿನಲ್ಲಿ ಬಂದಿತ್ತಲ್ಲ, ಅದನ್ನು ಓದಿ ಮಗಳು “ಅಜ್ಜನ ಕಾರೂ ಹೀಗೇ ಮುಗೀತದಾ?” ಅಂತ ಕೇಳಿದ್ದೇ ನಿಮಿತ್ತ. ಮಾಡುವ ಮಾಡುವ ಅಂತ ಎರಡು ವರ್ಷ ಬಾಯಲ್ಲೇ ಕಳೆಯಿತು. ಈ ಸಲ ಮಕರ ಸಂಕ್ರಾಂತಿ ಕಳೆದ ಮೇಲೆ ಸೀಟು ಬಿಚ್ಚಿದೆವು. ಕೆಲಸಕ್ಕೆ ನಾನು, ಒಂಬತ್ತನೇ ಕ್ಲಾಸಿನ ಮಗಳು, ಮತ್ತೆ ಹೆಂಡತಿಯ ಅಣ್ಣ. ಭಾವ ಗೇಟು, ಗ್ರಿಲ್ಲು, ಅಡಿಕೆ ಒಣಗಿಸುವ ಸೋಲಾರ್ ಗೂಡಿನ ಚೌಕಟ್ಟು ಎಲ್ಲ ವೆಲ್ಡ್ ಮಾಡುವವರು. ಬೋಲ್ಟು, ಸ್ಕ್ರೂಗಳನ್ನು ಹೆಂಡತಿ ಹಾರ್ಲಿಕ್ಸ್ ಬಾಟ್ಲಿಗಳಿಗೆ ತುಂಬಿ ಚೀಟಿ ಅಂಟಿಸಿದ್ದಾಳೆ: “ಹಿಂದಿನ ಎಡ ಬಾಗಿಲು”, “ಬಂಪರ್”, “ಎಲ್ಲಿಯದ್ದೋ”. ಮೂರನೇ ಬಾಟ್ಲಿಯೇ ಬೇಗ ತುಂಬುತ್ತಾ ಉಂಟು. ಅಪ್ಪನಿಗೆ 76. ಅಂಗಳದಲ್ಲಿ ಕುರ್ಚಿ ಹಾಕಿ ಕೂತು ಮೇಲ್ವಿಚಾರಣೆ.

ಈಗ ಮುಖ್ಯ ವಿಷಯ. ನಮ್ಮಲ್ಲಿ ಪದ್ಮಿನಿ ಕಾರಾಗಿ ಓಡಿದ್ದಕ್ಕಿಂತ ಪಿಕಪ್ ಆಗಿ ದುಡಿದದ್ದೇ ಹೆಚ್ಚು. ಮಳೆಗೆ ಮೊದಲು ಒಂದು ಸಲ, ಆಮೇಲೆ ನಲವತ್ತು ದಿನ ಬಿಟ್ಟು ಇನ್ನೊಂದು ಸಲ ತೋಟಕ್ಕೆ ಕೊಳೆರೋಗದ ಮದ್ದು ಬಿಡುವುದು ನಿಮಗೆ ಗೊತ್ತೇ ಉಂಟು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ಒಂದು ಕಿಲೋ ಸುಣ್ಣ. ಆ ತುತ್ತ, ಆ ಸುಣ್ಣ, ನಮ್ಮದು ಮಾತ್ರ ಅಲ್ಲ ನೆರೆಕರೆಯವರದ್ದೂ, ಪೇಟೆಯಿಂದ ಬಂದದ್ದು ಈ ಡಿಕ್ಕಿಯಲ್ಲಿ. ಅಪ್ಪ ಎಲ್ಲದರಲ್ಲೂ ಶಿಸ್ತಿನವರು. ತುತ್ತದ ಚೀಲ ಯಾವಾಗಲೂ ಎಡಕ್ಕೆ, ಸುಣ್ಣ ಬಲಕ್ಕೆ, ಎರಡೂ ಬೆರೆಯಬಾರದು. ಮಳೆಗಾಲದಲ್ಲಿ ಚೀಲ ಒದ್ದೆಯಾಗಿ ನೀಲಿ ನೀರು ಇಳಿಯುವುದು, ಮನೆಗೆ ಬಂದು ಒಂದು ಬಾಲ್ದಿ ನೀರು ಎರಚಿದರೆ ಕ್ಲೀನ್ ಆಯಿತು ಅಂತ ಲೆಕ್ಕ.

ಮೊನ್ನೆ ಮ್ಯಾಟ್ ಎತ್ತಿದರೆ ಡಿಕ್ಕಿಯ ಎಡಬದಿ ನೆನೆದ ಹಪ್ಪಳದ ಹಾಗೆ ಆಗಿದೆ. ಸ್ಕ್ರೂಡ್ರೈವರಲ್ಲಿ ಕುತ್ತಿದರೆ ಸೀದಾ ನೆಲ ಮುಟ್ಟುತ್ತದೆ. ಉಳಿದ ತಗಡಿನ ಮೇಲೆ ಅಲ್ಲಲ್ಲಿ ಕೆಂಪಗೆ ತಾಮ್ರದ ಪೊರೆ, ಸಂದುಗಳಲ್ಲಿ ನೀಲಿ-ಹಸಿರು ಹುಡಿ. ಆದರೆ ಬಲಬದಿ, ಅಂದರೆ ಸುಣ್ಣದ ಬದಿ, ಗಟ್ಟಿ ಉಂಟು ಮಾರಾಯ್ರೆ! ಸುತ್ತಿಗೆಯಲ್ಲಿ ತಟ್ಟಿದರೆ ಟಣ್ ಅಂತದೆ. ಅಪ್ಪನಿಗೆ ಇದೊಂದು ದೊಡ್ಡ ಸಮಾಧಾನ.

ಭಾವ ಹೇಳುವುದು, ತಿಂದದ್ದನ್ನು ಕಡಿದು ಹೊಸ ತಗಡು ವೆಲ್ಡ್ ಮಾಡಿ ರೆಡ್ ಆಕ್ಸೈಡ್ ಬಳಿದರೆ ಆಯಿತು ಅಂತ. ನನಗೆ ಸಂಶಯ. ಸಂದುಗಳಲ್ಲಿ ತುತ್ತ ಉಳಿದರೆ ಹೊಸ ತಗಡನ್ನೂ ತಿನ್ನುವುದಿಲ್ಲವಾ? ಎಷ್ಟು ತೊಳೆದರೆ ಹೋಗ್ತದೆ? ಹೋಗಿದೆ ಅಂತ ಗೊತ್ತಾಗುವುದು ಹೇಗೆ?

ಕಾರಿನ ಎರಡೂ ಬದಿಯ ರನ್ನಿಂಗ್ ಬೋರ್ಡೂ, ಅಂದರೆ ಬಾಗಿಲುಗಳ ಅಡಿಯ ಉದ್ದದ ತಗಡು, ಹೋಗಿದೆ. ಅದರ ಕಾರಣ ಬೇರೆ, ನಮ್ಮ ಮಣ್ಣು ರಸ್ತೆಯ ಕೆಂಪು ಕೆಸರು ಚಕ್ರದ ಹಿಂದೆ ತುಂಬಿ ಗಟ್ಟಿಯಾಗಿ ವರ್ಷಗಟ್ಟಲೆ ನೀರು ಹಿಡಿದದ್ದು. ಭಾವ ಎರಡೂ ಬದಿ ಒಟ್ಟಿಗೇ ಕಡಿಯುವ ಅಂತಾರೆ, ಬಾಡಿಗೆಗೆ ತಂದ ಕಟ್ಟರ್ ಬೇಗ ವಾಪಸ್ ಕೊಡಬಹುದು ಅಂತ. ಸರಿಯಾ?

ಮತ್ತೊಂದು ಆಲೋಚನೆ ನನ್ನದೇ. ಪೇಂಟು ಮಾಡಲು ಸೋಲಾರ್ ಗೂಡು ಆಗಬಹುದಾ? ಧೂಳಿಲ್ಲ, ಬೆಚ್ಚಗಿರುತ್ತದೆ, ಬೆಳಕೂ ಧಾರಾಳ. ಏಪ್ರಿಲ್ ಕೊನೆಗೆ ಚಾಲಿ, ಅಂದರೆ ಒಣಗಿದ ಅಡಿಕೆ, ಸುಲಿದು ಆದರೆ ಗೂಡು ಖಾಲಿ. ಅಮ್ಮನಿಗೆ ಹೇಳಿದ್ದಕ್ಕೆ, “ಬರುವ ವರ್ಷದ ಅಡಿಕೆ ತಿನ್ನರ್ ವಾಸನೆ ಹೊಡೆದರೆ ಅಂಗಡಿಯವ ತೆಕ್ಕೊಳ್ತಾನಾ?” ಅಂತ ಕೇಳಿದರು. ಅದೂ ಪ್ರಶ್ನೆಯೇ.

ಕೊನೆಯದು ಪ್ರಶ್ನೆ ಅಲ್ಲ, ದೂರು. ಡಿಕ್ಕಿಯ ಎಡಮೂಲೆಯಲ್ಲಿ 1994ರಲ್ಲಿ ಹಾಕಿದ ಒಂದು ತೇಪೆ ಉಂಟು. ಹದಿನೈದು ಕಿಲೋದ ಎಣ್ಣೆಡಬ್ಬಿ ಕಡಿದು ಹಾಕಿದ್ದು, ಕಾರಿನ ಅಡಿಗೆ ಮಲಗಿ ನೋಡಿದರೆ ಅರ್ಧ ಸೂರ್ಯಕಾಂತಿ ಹೂ ಈಗಲೂ ಕಾಣುತ್ತದೆ. ಭಾವ ಅಲ್ಲಿಗೆ ಕಟ್ಟರ್ ಹಿಡಿದರೆ ಕುರ್ಚಿಯಿಂದ ಒಂದೇ ಮಾತು: “ಅದರ ಮುಟ್ಟೆಡ.” ಯಾಕೆ ಅಂತ ಹೇಳುವುದಿಲ್ಲ. ಅದನ್ನು ಬಿಟ್ಟು ಸುತ್ತ ಕಡಿಯಲಿಕ್ಕೆ ಆಗ್ತದಾ?

ಉಪ್ಪಳದ ಹಳೇ ಟಿಂಕರ್, ಫೆಬ್ರವರಿ 9

ಭಟ್ರೋ ಶೆಟ್ರೋ ಗೊತ್ತಿಲ್ಲ, ಅಣ್ಣಾ ಅಂತಲೇ ಹೇಳ್ತೇನೆ. ನಾನು ಮೂವತ್ತೆಂಟು ವರ್ಷ ಟಿಂಕರಿಂಗ್ ಮಾಡಿದವ, ಅದರಲ್ಲಿ ಹತ್ತು ವರ್ಷ ಬೊಂಬಾಯಿಯಲ್ಲಿ, ಪದ್ಮಿನಿ ಟ್ಯಾಕ್ಸಿಯದ್ದೇ ಕೆಲಸ. ಈಗ ಮೊಣಕಾಲು ಕೇಳುವುದಿಲ್ಲ, ಅಡಿಗೆ ಮಲಗಿದರೆ ಏಳಿಸಲಿಕ್ಕೆ ಎರಡು ಜನ ಬೇಕು.

ನಿಮ್ಮ ಭಾವನಿಗೆ ಮೊದಲು ಹೇಳಿ: ಎರಡೂ ರನ್ನಿಂಗ್ ಬೋರ್ಡು ಒಟ್ಟಿಗೆ ಕಡಿದರೆ ಆ ಕಾರು ಮತ್ತೆ ಕಾರಾಗುವುದಿಲ್ಲ. ಲಾರಿ, ಜೀಪಿನ ಹಾಗೆ ಇದಕ್ಕೆ ಬೇರೆ ಚಾಸಿ ಇಲ್ಲ. ಪ್ಲಾಟ್‌ಫಾರ್ಮು, ರನ್ನಿಂಗ್ ಬೋರ್ಡು, ಬಾಗಿಲಿನ ಕಂಬ ಎಲ್ಲ ಸೇರಿಯೇ ಬೆನ್ನೆಲುಬು. ಎರಡೂ ತೆಗೆದರೆ ನಡು ಬಗ್ಗುತ್ತದೆ. ಆಮೇಲೆ ನೀವು ಎಷ್ಟು ಚಂದ ವೆಲ್ಡ್ ಮಾಡಿ, ಬಾಗಿಲು ಕೂರುವುದಿಲ್ಲ.

ಸಮ ನೆಲದಲ್ಲಿ, ಸಸ್ಪೆನ್ಷನ್ ಭಾರ ಹೊರುವ ನಾಲ್ಕು ಕಡೆ ಸ್ಟ್ಯಾಂಡ್ ಕೊಡಿ. ನಡುವಿಗೆ ಜಾಕ್ ಕೊಡಬೇಡಿ. ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಟ್ಯೂಬ್ ಉಂಟಲ್ಲ, ಅದರಲ್ಲಿ ನಾಲ್ಕೂ ಕಡೆ ನೋಡಿ. ಬಾಗಿಲು ತೆಗೆಯಬೇಡಿ, ಮುಚ್ಚಿ ಇರಲಿ. ಒಳಗಿನಿಂದ ಮುಂದಿನ ಕಂಬಕ್ಕೂ ನಡುವಿನ ಕಂಬಕ್ಕೂ ಅಡ್ಡ ಒಂದು ಚೌಕ ಪೈಪು, ಓರೆಗೆ ಒಂದು, ಟ್ಯಾಕ್ ಹಾಕಿ, ಅಂದರೆ ಅಲ್ಲಲ್ಲಿ ಚುಕ್ಕಿ ವೆಲ್ಡ್ ಮಾತ್ರ. ಭಾವನ ಹತ್ತಿರ ಸೋಲಾರಿನ ಜಿಐ, ಅಂದರೆ ಸತು ಲೇಪಿಸಿದ, ಪೈಪು ಬೇಕಾದಷ್ಟು ಇರಬಹುದು, ಅದು ಬೇಡ. ಸತುವಿನ ಬಿಳಿ ಹೊಗೆ ಕುಡಿದರೆ ರಾತ್ರಿ ನಡುಗುವ ಚಳಿಜ್ವರ ಬರುತ್ತದೆ, ನನಗೆ ಬಂದಿದೆ. ಸಾದಾ ಕಬ್ಬಿಣದ ಪೈಪು ತನ್ನಿ. ಕಡಿಯುವ ಮೊದಲು ಬಾಗಿಲ ಚೌಕದ ಓರೆ ಅಳತೆ ಎರಡೂ ತೆಗೆದು ಗೋಡೆಯಲ್ಲಿ ಬರೆಯಿರಿ, ಕಾಗದದಲ್ಲಲ್ಲ. ಒಂದು ಬದಿ ಪೂರ್ತಿ ಮುಗಿದು, ಬಾಗಿಲು ಹತ್ತು ಸಲ ಹಾಕಿ ತೆಗೆದು ನೋಡಿ, ಆಮೇಲೆ ಇನ್ನೊಂದು.

ಗೇಟಿನ ಕಡ್ಡಿ ವೆಲ್ಡಿಂಗ್ ಇಲ್ಲಿ ನಡೆಯುವುದಿಲ್ಲ. ಕಾರಿನ ಬಾಡಿಯ ತಗಡು 20 ಗೇಜ್, ಅಂದರೆ 0.9 ಮಿ.ಮೀ. ಆಚೀಚೆ. ಕಡ್ಡಿ ಮುಟ್ಟಿಸಿದರೆ ತೂತು, ತೂತು ಮುಚ್ಚಲು ಹೋದರೆ ದೊಡ್ಡ ತೂತು. ಗ್ಯಾಸ್ ಬಿಟ್ಟು ತೆಳು ವಯರಲ್ಲಿ ವೆಲ್ಡ್ ಮಾಡುವ ಸಿಒ2 ಮೆಷಿನ್ ಬಾಡಿಗೆಗೆ ತನ್ನಿ, 0.8 ಮಿ.ಮೀ. ವಯರು ಹಾಕಿ. ರನ್ನಿಂಗ್ ಬೋರ್ಡಿಗೆ 18 ಗೇಜ್ ಹಾಕಬಹುದು. ಅರ್ಧ ಇಂಚು ಹಾಕಿ, ದೂರದ ಇನ್ನೊಂದು ಮೂಲೆಗೆ ಹೋಗಿ, ಮತ್ತೆ ಇಲ್ಲಿಗೆ ಬನ್ನಿ. ಒಂದೇ ಎಳೆತಕ್ಕೆ ಎಳೆದರೆ ತಗಡು ಹಪ್ಪಳ. ಬಿಸಿ ಇರುವಾಗ ನೀರು ಹೊಡೆಯಬೇಡಿ.

ಪೆಟ್ರೋಲ್ ಟ್ಯಾಂಕು ಕಳಚಿ ಹಟ್ಟಿಯಿಂದ, ಒಲೆಯಿಂದ, ಎಲ್ಲದರಿಂದ ದೂರ ಇಡಿ. ಖಾಲಿ ಉಂಟಲ್ಲ ಅಂತ ಎಣಿಸಬೇಡಿ, ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನ ಆವಿಯೇ ಅಪಾಯ. ಬ್ಯಾಟರಿಯ ವಯರೂ ತೆಗೆಯಿರಿ.

ಎಣ್ಣೆಡಬ್ಬಿಯ ತೇಪೆ ಆ ಕಾಲದಲ್ಲಿ ನಾನೂ ಹಾಕಿದ್ದೇನೆ. ತಗಡು ಸಿಗುತ್ತಿರಲಿಲ್ಲ ಅಂತಲ್ಲ, ಗಿರಾಕಿಯ ಹತ್ತಿರ ದುಡ್ಡು ಇರುತ್ತಿರಲಿಲ್ಲ. ಅದರ ಅಡಿಯಲ್ಲಿ ಏನೂ ಉಳಿದಿರಲಿಕ್ಕಿಲ್ಲ. ಅದನ್ನು ಬಿಟ್ಟು ಸುತ್ತ ಕಡಿದರೆ ಹೊಸ ತಗಡನ್ನು ಯಾವುದಕ್ಕೆ ಹಿಡಿಸುತ್ತೀರಿ? ಅಪ್ಪನನ್ನು ಮಾತಾಡಿಸಿ. ಅದು ಟಿಂಕರಿನ ಕೆಲಸ ಅಲ್ಲ.

ಕುಂಬಳೆ ಟೀಚರ್, ಫೆಬ್ರವರಿ 10

ಕೆಮಿಸ್ಟ್ರಿ ಕಲಿಸುವವಳಿಗೆ ಇಂಥ ಡಿಕ್ಕಿ ಸಿಗುವುದು ಅಪರೂಪ. ಮೈಲುತುತ್ತದ ನೀರಿಗೆ ಕಬ್ಬಿಣದ ಮೊಳೆ ಹಾಕಿ ಕೆಂಪಾಗುವುದನ್ನು ಮಕ್ಕಳಿಗೆ ತೋರಿಸುತ್ತೇವಲ್ಲ, ನಿಮ್ಮ ಕಾರಿನಲ್ಲಿ ಅದೇ ಪ್ರಯೋಗ ಮೂವತ್ತು ವರ್ಷ ನಡೆದಿದೆ. ಕಬ್ಬಿಣ ಕರಗಿ ನೀರಿಗೆ ಹೋಯಿತು, ಅದರ ಜಾಗಕ್ಕೆ ತಾಮ್ರ ಕೂತಿತು. ಕೂತ ತಾಮ್ರ ಸುಮ್ಮನಿರುವುದಿಲ್ಲ. ತೇವ ಇದ್ದರೆ ತಾಮ್ರದ ಪಕ್ಕದ ಕಬ್ಬಿಣ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಜತೆಗೆ ಉಳಿದ ಸಲ್ಫೇಟ್ ಉಪ್ಪು ಪೇಂಟಿನ ಅಡಿಯಲ್ಲಿ ನೀರನ್ನು ಎಳೆದುಕೊಳ್ಳುತ್ತಾ ಇರುತ್ತದೆ. ಹಾಗಾಗಿ ನಿಮ್ಮ ಸಂಶಯ ಸರಿ, ಬರೀ ರೆಡ್ ಆಕ್ಸೈಡ್ ಬಳಿದರೆ ಎರಡು ಮಳೆಗಾಲದಲ್ಲಿ ಗುಳ್ಳೆ ಏಳುತ್ತದೆ.

ತಿಂದ ಭಾಗವನ್ನು ಕಡಿಯುವಾಗ ಗಟ್ಟಿ ತಗಡು ಸಿಗುವವರೆಗೂ ಹೋಗಿ. ಉಳಿದದ್ದರ ಮೇಲಿನ ಕೆಂಪು ಪೊರೆ ತೊಳೆದರೆ ಹೋಗುವುದಿಲ್ಲ, ತಂತಿ ಬ್ರಷ್ಷೋ ಎಮರಿಯೋ ಹಾಕಿ ಬೆಳ್ಳಗೆ ಹೊಳೆಯುವವರೆಗೆ ಉಜ್ಜಬೇಕು. ಆಮೇಲೆ ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ತಿಕ್ಕಿ, ಶುದ್ಧ ನೀರಿನಲ್ಲಿ ಮೂರು ನಾಲ್ಕು ಸಲ ತೊಳೆದು, ಕೂಡಲೇ ಒಣಗಿಸಿ. ತೊಳೆದ ನೀರನ್ನು ಬಾಲ್ದಿಯಲ್ಲಿ ಹಿಡಿಯಿರಿ. ತೋಡಿಗೆ ಬಿಡಬೇಡಿ, ತಾಮ್ರ ಮೀನಿಗೆ ವಿಷ. ಹಟ್ಟಿ ಪಕ್ಕದಲ್ಲೇ ಇದೆ ಅಂದಿರಿ, ದನ ಬಾಯಿ ಹಾಕದ ಹಾಗೆ ನೋಡಿ.

ಹೋಗಿದೆಯಾ ಎಂದು ತಿಳಿಯಲು ಅಡಿಕೆ ಕೃಷಿಕರ ಹತ್ತಿರ ಆಗಲೇ ಒಂದು ಪರೀಕ್ಷೆ ಇದೆ. ಮದ್ದು ಹದವಾಗಿದೆಯಾ ಎಂದು ಕತ್ತಿ ಅದ್ದಿ ನೋಡುವುದಿಲ್ಲವೇ, ಕತ್ತಿ ಕೆಂಪಾದರೆ ಇನ್ನಷ್ಟು ಸುಣ್ಣ ಬೇಕು ಅಂತ? ಕೊನೆಯ ಸಲ ತೊಳೆದ ನೀರಿನಲ್ಲಿ ಉಜ್ಜಿದ ಕತ್ತಿ ಅದ್ದಿ ನೋಡಿ. ಆದರೆ ಕತ್ತಿ ಕೆಂಪಾಗಲಿಲ್ಲ ಎಂದ ಮಾತ್ರಕ್ಕೆ ಪೂರ್ತಿ ಹೋಯಿತು ಅಂತಲ್ಲ. ಇನ್ನೂ ಸೂಕ್ಷ್ಮವಾಗಿ ನೋಡಬೇಕಾದರೆ ಬಿಳಿ ಬಟ್ಟೆಗೆ ಸ್ವಲ್ಪ ಅಮೋನಿಯಾ ದ್ರಾವಣ ಹಾಕಿ ಸಂದನ್ನು ಒರೆಸಿ. ತಾಮ್ರದ ಉಪ್ಪು ಉಳಿದಿದ್ದರೆ ಬಟ್ಟೆ ಗಾಢ ನೀಲಿಯಾಗುತ್ತದೆ. ಗಾಳಿಯಾಡುವಲ್ಲಿ, ಕೈಗವಸು ಹಾಕಿ ಮಾಡಿ. ಮಗಳಿಗೆ ಬಿಟ್ಟುಕೊಡಿ, ಅವಳ ಪ್ರಾಜೆಕ್ಟಿಗೂ ಆಯಿತು.

ಬಲಬದಿ ಗಟ್ಟಿ ಉಳಿದದ್ದಕ್ಕೆ ಅಪ್ಪನವರನ್ನು ಅಭಿನಂದಿಸಬೇಕು. ಸುಣ್ಣ ಕ್ಷಾರ. ಕ್ಷಾರದ ನಡುವೆ ಕಬ್ಬಿಣದ ಮೇಲಿನ ತೆಳು ರಕ್ಷಣಾ ಪೊರೆ ಉಳಿಯುತ್ತದೆ, ಕಾಂಕ್ರೀಟಿನ ಒಳಗಿನ ಸರಳು ಉಳಿಯುವುದೂ ಹೀಗೆಯೇ. ಆದರೆ ಹಳೇ ಸುಣ್ಣ ಗಾಳಿ ಹಿಡಿದು ಬರೀ ಸೀಮೆಸುಣ್ಣದಂತಾಗಿರುತ್ತದೆ, ಇನ್ನು ಅದು ನೀರು ಹಿಡಿಯುವುದಷ್ಟೇ. ಅದನ್ನೂ ಕೆರೆದು ತೆಗೆಯಿರಿ.

ಜತ್ತದ ಅಂಬಾಸಿಡರ್, ಫೆಬ್ರವರಿ 12

ಪೆರ್ಲದ ಅಣ್ಣಾರ, ನಮ್ಮ ಕಡೆ ಮಳಿನೂ ಕಡಿಮಿ, ತುಕ್ಕೂ ಕಡಿಮಿ, ಹಿಂಗಾಗಿ ತಗಡಿನ ವಿಷಯದಾಗ ನಾ ಬಾಯಿ ಹಾಕಂಗಿಲ್ರಿ. ನಂದು 1974ರ ಅಂಬಾಸಿಡರ್ ಮಾರ್ಕ್ 2. ಬಣ್ಣದ ಬಗ್ಗೆ ಒಂದು ಮಾತು ಹೇಳ್ತೀನಿ. ಪಿಯು ಅಂದ್ರ ಪಾಲಿಯುರೆಥೇನ್ ಪೇಂಟ್ ಮಸ್ತ್ ಹೊಳಪು ಕೊಡತೈತಿ, ಖರೆ. ಆದ್ರ ಅದರ ಹಾರ್ಡನರ್‌ದಾಗ ಐಸೊಸಯನೇಟ್ ಇರತೈತ್ರಿ. ನನ್ನ ತಮ್ಮ ಮಾರಿಗೆ ಟವೆಲ್ ಸುತಗೊಂಡು ಹೊಡದ, ಹದಿನೈದು ದಿನ ಕೆಮ್ಮಿದ. ಡಾಕ್ಟರು ಬೈದ್ರು, ಒಮ್ಮೆ ಒಗ್ಗದಂಗ ಆದ್ರ ಮುಂದ ಸ್ವಲ್ಪ ವಾಸನಿಗೂ ದಮ್ಮು ಬರತೈತಿ ಅಂತ. ಹೊರಗಿನ ಗಾಳಿ ಪೈಪಿನಾಗ ಬರೋ ಮಾಸ್ಕ್ ಇಲ್ಲದ ಹೊಡೀಬ್ಯಾಡ್ರಿ, ಅದೂ ಮುಚ್ಚಿದ ಗೂಡಿನಾಗ, ಮನ್ಯಾಗ ಸಣ್ಣ ಹುಡುಗಿ, ವಯಸ್ಸಾದವರು ಇರೋವಾಗ. ಮನ್ಯಾಗ ಮಾಡೋದಾದ್ರ ಎನ್‌ಸಿ ಅಂದ್ರ ನೈಟ್ರೋಸೆಲ್ಯುಲೋಸ್ ಪೇಂಟೇ ಛಲೋ. ಅದಕ್ಕೂ ಮಾಸ್ಕ್ ಬೇಕು, ಬೆಂಕಿ ದೂರ ಇರಬೇಕು, ಆದ್ರ ಕೆಟ್ಟರ ಉಜ್ಜಿ ಮತ್ತ ಹೊಡೀಬಹುದು. ಮೋಡ ಇದ್ದ ದಿನ ಮಾತ್ರ ಹೊಡೀಬ್ಯಾಡ್ರಿ, ಥಂಡಿ ಹವಾಕ್ಕ ಬೆಳ್ಳಗ ಮಂಜು ಕುಂತಂಗ ಆಗತೈತಿ.

ಯಾರರ ನಿಮಗ ವಿಂಟೇಜ್ ನಂಬರ್ ಮಾಡಸ್ರಿ ಅಂದ್ರ ಕೇಳಬ್ಯಾಡ್ರಿ. 2021ರ ನಿಯಮದ ಪ್ರಕಾರ 50 ವರ್ಷ ಆಗಬೇಕು, ನಿಮ್ಮ ಗಾಡಿಗೆ 2031. ನಂದಕ್ಕ ಆಗೇತಿ, ಆದ್ರೂ ಮಾಡಿಸಿಲ್ಲ. 20,000 ರೂಪಾಯಿ ಕೊಟ್ಟು ದಿನಾ ಓಡಸೂದ ಬಿಡಬೇಕಂದ್ರ ಯಾವ ಲಾಭ? ಸಂತಿಗೆ ಹೋಗೂದು ಅದರಾಗನ.

ಪೆರ್ಲದ ತೋಟದವ, ಮೇ 17

ಉತ್ತರ ಕೊಟ್ಟ ಮೂವರಿಗೂ ದೊಡ್ಡ ನಮಸ್ಕಾರ. ಇಷ್ಟು ದಿನ ಬರೆಯಲಿಕ್ಕೆ ಪುರುಸೊತ್ತಾಗಲಿಲ್ಲ. ಅಡಿಕೆ ಸುಲಿಯುವುದು, ಮಗಳ ಪರೀಕ್ಷೆ, ನಡುವೆ ಒಂದು ಉಪನಯನ.

ಟಿಂಕರ್ ಸಾಹೇಬ್ರೆ, ನಿಮ್ಮ ಮಾತು ಓದಿ ಭಾವ ಒಂದು ದಿನ ಮಾತಾಡಲಿಲ್ಲ, ಮರುದಿನ ಅವರೇ ಹೋಗಿ ಸಿಒ2 ಮೆಷಿನ್ ತಂದರು. ಅಳತೆ ಹಟ್ಟಿಯ ಗೋಡೆಯಲ್ಲಿ ಬರೆದದ್ದು ಒಳ್ಳೆಯದಾಯಿತು. ಬಲಬದಿ ಮುಗಿದಾಗ ಬಾಗಿಲು ಲೋಟೆಯ ಮುಚ್ಚಳದ ಹಾಗೆ ಕೂತಿತು. ಆ ಹುಮ್ಮಸ್ಸಿನಲ್ಲಿ ಎಡಬದಿಗೆ ಅವಸರ ಮಾಡಿದೆವು. ಓರೆ ಪೈಪು ಹಾಕುವುದನ್ನು ಬಿಟ್ಟೆವು, ಅಡ್ಡದ್ದು ಸಾಕು ಅಂತ. ಪರಿಣಾಮ, ಗೋಡೆಯ ಲೆಕ್ಕಕ್ಕೂ ಬಾಗಿಲಿಗೂ ನಾಲ್ಕು ಮಿ.ಮೀ. ವ್ಯತ್ಯಾಸ. ಟ್ಯಾಕ್ ಎಲ್ಲ ಕಡಿದು ಮತ್ತೆ ಮಾಡಿದೆವು. ಈಗಲೂ ಹಿಂದಿನ ಎಡ ಬಾಗಿಲನ್ನು ಸ್ವಲ್ಪ ಎತ್ತಿ ಹಾಕಬೇಕು. ಅಮ್ಮ ಹೇಳುವ ಪ್ರಕಾರ ಅದು ಮೊದಲೂ ಹಾಗೆಯೇ ಇತ್ತು, ಹಾಗಾಗಿ ಒರಿಜಿನಲ್ ಅಂತ ಬಿಟ್ಟಿದ್ದೇವೆ.

ಟೀಚರ್ರೆ, ತೊಳೆದದ್ದು ಒಟ್ಟು ಏಳು ಸಲ. ಕತ್ತಿ ಪರೀಕ್ಷೆಗೆ ಅಪ್ಪನೇ ಕುರ್ಚಿ ಬಿಟ್ಟು ಎದ್ದು ಬಂದರು. ಮದ್ದಿಗೆ ಅದ್ದುವ ಅದೇ ಕತ್ತಿ, ಹುಣಸೆಹುಳಿ ಹಾಕಿ ಉಜ್ಜಿ ಹೊಳಪು ಮಾಡಿ ತಂದಿದ್ದರು. ಮೂರನೇ ಸಲಕ್ಕೇ ಕತ್ತಿ ಕೆಂಪಾಗುವುದು ನಿಂತಿತು, ಅಪ್ಪ “ಸಾಕು” ಅಂದರು. ಮಗಳು ಬಿಡಲಿಲ್ಲ. ನೀವು ಹೇಳಿದ ಹಾಗೆ ಅಮೋನಿಯಾದ ಬಟ್ಟೆಯಲ್ಲಿ ಒರೆಸಿದರೆ ಹಿಂದಿನ ಮಡಚಿದ ಅಂಚಿನಲ್ಲಿ ಬಟ್ಟೆ ನೀಲಿ. ನಾಲ್ಕನೇ ಸಲವೂ ನೀಲಿ, ಐದನೇ ಸಲವೂ. ಕೊನೆಗೆ ಆ ಅಂಚಿನ ಸ್ಪಾಟ್ ವೆಲ್ಡ್‌ಗಳನ್ನೇ ಡ್ರಿಲ್ ಮಾಡಿ ಬಿಡಿಸಿದಾಗ ಎರಡು ತಗಡಿನ ನಡುವೆ ತುತ್ತ ಕಲ್ಲುಸಕ್ಕರೆಯ ಹಾಗೆ ಕಟ್ಟಿಕೊಂಡಿತ್ತು. ಬರೀ ಕತ್ತಿ ನಂಬಿದ್ದರೆ ಅದು ಒಳಗೇ ಉಳಿಯುತ್ತಿತ್ತು. ಅಪ್ಪ ಅದನ್ನು ಬೆರಳಲ್ಲಿ ತಿಕ್ಕಿ, “ಒಳ್ಳೆ ಮಾಲು. ಈಗ ಹೀಗಿದ್ದು ಸಿಕ್ಕುವುದಿಲ್ಲ” ಅಂದರು.

ತೇಪೆಯ ಕಥೆ. ಅಪ್ಪನನ್ನು ಮಾತಾಡಿಸಿದೆ. ದೊಡ್ಡ ಗುಟ್ಟೇನೂ ಅಲ್ಲ. 1994ರಲ್ಲಿ ಕೊಳೆರೋಗ ಬಂದು ಅರ್ಧ ಫಸಲು ಉದುರಿತ್ತಂತೆ, ಕಾರು ಮಾರುವ ಮಾತಾಗಿತ್ತಂತೆ. ನೋಡಲು ಬಂದವನು ಡಿಕ್ಕಿಯ ತೂತು ನೋಡಿ ಕೇಳಿದ ರೇಟಿಗೆ ಅಪ್ಪನಿಗೆ ಸಿಟ್ಟು ಬಂತು. ಮರುದಿನವೇ ಅಡಿಗೆಮನೆಯ ಎಣ್ಣೆಡಬ್ಬಿ ಹಿಡಿದು ಟಿಂಕರಿನಲ್ಲಿಗೆ ಹೋದರು. ಅಮ್ಮನಿಗೆ ಆ ಡಬ್ಬಿ ಏನಾಯಿತು ಅಂತ ಗೊತ್ತಾದದ್ದು ಈ ಮಾರ್ಚ್‌ನಲ್ಲಿ! ಅಕ್ಕಿ ತುಂಬಿಸಲು ಇಟ್ಟದ್ದಂತೆ. ಈ ಮಾತು ಹೊರಗೆ ಬಂದ ಮೇಲೆ ತೇಪೆಗೆ ಕೈ ಹಾಕಲು ಅಪ್ಪನ ಅಡ್ಡಿ ಬರಲಿಲ್ಲ. ಕಡಿದು ತೆಗೆದದ್ದನ್ನು ಅವರೇ ಸುತ್ತಿಗೆಯಲ್ಲಿ ಸಮ ಮಾಡಿ ಅಡಿಕೆ ಕೋಣೆಯ ಬಾಗಿಲ ಬುಡದ ಇಲಿ ತೂತಿಗೆ ಬಡಿದಿದ್ದಾರೆ, ಹೂವಿನ ಬದಿ ಹೊರಗೆ.

ಜತ್ತದವರೆ, ನಿಮ್ಮ ತಮ್ಮನ ಕೆಮ್ಮಿನ ಕಥೆ ಕೇಳಿ ಪಿಯು ಬಿಟ್ಟೆವು. ಎಪಾಕ್ಸಿ ಪ್ರೈಮರ್ ಬ್ರಷ್ಷಿನಲ್ಲಿ, ಅದರ ಮೇಲೆ ಬೇಕಾದಲ್ಲಿ ಮಾತ್ರ ತೆಳ್ಳಗೆ ಪುಟ್ಟಿ, ಬಣ್ಣಕ್ಕೆ ಎನ್‌ಸಿ. ಸೋಲಾರ್ ಗೂಡಿನಲ್ಲಿ ಮೊದಲ ಪ್ರಯತ್ನ ಬಾನೆಟ್ಟಿನದ್ದು, ಮಧ್ಯಾಹ್ನ ಹನ್ನೆರಡಕ್ಕೆ. ಒಳಗೆ ಎಷ್ಟು ಸೆಕೆ ಅಂದರೆ ಪೇಂಟು ತಗಡಿಗೆ ಕೂರುವ ಮೊದಲೇ ಮೇಲೆ ಒಣಗಿ, ಅಡಿಯ ತಿನ್ನರ್ ಕುದ್ದು ಸೂಜಿಮೊನೆಯಷ್ಟು ತೂತುಗಳು. ಉಜ್ಜಿ ತೆಗೆದೆವು. ಈಗ ಬೆಳಿಗ್ಗೆ ಏಳೂವರೆಗೆ, ಎರಡೂ ಬದಿಯ ಪ್ಲಾಸ್ಟಿಕ್ ಮೇಲೆತ್ತಿ, ಗಾಳಿ ಆಡುವಾಗ ಹೊಡೆಯುತ್ತೇವೆ. ಬಾಗಿಲು, ಬಾನೆಟ್, ಡಿಕ್ಕಿಯ ಮುಚ್ಚಳ ಆಗಿದೆ. ಮಗಳಿಗೆ ನವಿಲು ಬಣ್ಣ ಬೇಕಿತ್ತು, ಆರ್‌ಸಿಯಲ್ಲಿ ಬಣ್ಣ ಬದಲಿಸಬೇಕು ಅಂತ ಆದಮೇಲೆ ಕ್ರೀಮಿಗೇ ಒಪ್ಪಿದಳು. ಡಿಕ್ಕಿಯ ಒಳಗೆ ಮಾತ್ರ ಅವಳ ನವಿಲು ಬಣ್ಣ. ಹಳೇ ತುತ್ತ ಸೋರಿದರೂ ಗೊತ್ತಾಗುವುದಿಲ್ಲ ಅಂತ ಭಾವ.

ದೊಡ್ಡ ಬಾಡಿ ಇನ್ನೂ ಪ್ರೈಮರಿನಲ್ಲೇ ಉಂಟು, ನಿನ್ನೆ ಸಂಜೆ ಒಂದು ಮಳೆ ಬಂದು ಹೋಯಿತು. ಟರ್ಪಾಲು ಹಾಕಿದ್ದೆವು. ಜೂನ್ ಒಂದರ ಒಳಗೆ ಆಗದಿದ್ದರೆ ಇನ್ನು ನವರಾತ್ರಿಗೇ.

ಈಗ ಹೊಸ ಪ್ರಶ್ನೆ. ಮುಂದಿನ ಗ್ಲಾಸಿನ ರಬ್ಬರ್ ಬೀಡಿಂಗ್ ತುಂಡಾಗಿದೆ. ಮಂಗಳೂರಿನಲ್ಲಿ ಕೇಳಿದ ಅಂಗಡಿಯವರು ಬೇರೆ ಗಾಡಿಯದ್ದನ್ನು ಕಡಿದು ಕೂರಿಸುವ ಅಂತಾರೆ, ಮೂಲೆಯಲ್ಲಿ ನೀರು ಇಳಿಯುವುದು ಗ್ಯಾರಂಟಿ. ಪದ್ಮಿನಿಯದ್ದೇ ಸರಿಯಾದದ್ದು ಯಾರ ಹತ್ತಿರವಾದರೂ ಇದ್ದರೆ ಹೇಳಿ. ಹಳೆಯದಾದರೂ ಅಡ್ಡಿಯಿಲ್ಲ, ಬಿರಿದಿರಬಾರದು ಅಷ್ಟೆ.